ಒಂದು ದವಾಖಾನೆಯಿಂದ ಇನ್ನೊಂದು ದವಾಖಾನೆಗೆ
(ಗ್ರಾಮಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಬೀಜ, ಗೊಬ್ಬರ, ಕೀಟಗಳ ಮಾತನ್ನಾಡಲು ಬರುವ ನಾನು ಇಂದು ದವಾಖಾನೆಯ ಮಾತನ್ನು ಎತ್ತಿಕೊಂಡಿರುವುದು ನಿಮಗೆ ಆಶ್ಚರ್ಯವೆನಿಸಬಹುದು. ನಾನು ಡಾಕ್ಟರನಲ್ಲ. ಯಾವ ರೋಗಕ್ಕೆ ಯಾವ ಔಷಧವೆಂದು ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ರೋಗಿಯನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಕರೆದೊಯ್ಯುವವರು ನಾವೇ ಅಲ್ಲವೇ? ಆ ದಾರಿಯಲ್ಲಿ ಆಗುವ ಹಾನಿಯನ್ನು ತಪ್ಪಿಸುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ.

ಮೆಣಸಿನಕಾಯಿಯ ಅಗಿಯನ್ನು ಮಡಿಯಿಂದ ಕಿತ್ತು ಹೊಲದಲ್ಲಿ ಹಚ್ಚುವುದು ನಿಮಗೆಲ್ಲ ಗೊತ್ತಿದ್ದ ಕೆಲಸ. ಬೇರಿಗೆ ಹತ್ತಿದ ಮಣ್ಣನ್ನು ಝಾಡಿಸಿ ಬಿಸಿಲಿನಲ್ಲಿ ಒಯ್ದರೆ ಅಗಿ ಬಾಡುತ್ತದೆ. ರೋಗಿಯ ಸ್ಥಿತಿಯೂ ಹಾಗೆಯೇ. ಮೊದಲಿನ ದವಾಖಾನೆಯಲ್ಲಿ ಏನಾಯಿತು, ಏನು ಕೊಟ್ಟರು ಎಂಬ ತಿಳುವಳಿಕೆಯೇ ಅವನ ಬೇರಿನ ಮಣ್ಣು. ಅದನ್ನು ಬಿಟ್ಟು ಬರಿಯ ರೋಗಿಯನ್ನು ಒಯ್ದರೆ ಮುಂದಿನ ಡಾಕ್ಟರರು ಮೊದಲಿನಿಂದ ಶುರು ಮಾಡಬೇಕಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ದವಾಖಾನೆಗಳಿಗೆ ಬರಗಾಲವಿಲ್ಲ. ಊರಿಗೆ ಸಮೀಪದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರವಿದೆ. ಕಲಘಟಗಿ, ಕುಂದಗೋಳ, ನವಲಗುಂದಗಳಲ್ಲಿ ತಾಲೂಕಾ ಆಸ್ಪತ್ರೆಗಳಿವೆ. ಧಾರವಾಡದಲ್ಲಿ ಜಿಲ್ಲಾ ಆಸ್ಪತ್ರೆಯೂ, ಮಾನಸಿಕ ಹಾಗೂ ನರರೋಗಗಳಿಗಾಗಿ ಡಿಮ್ಹಾನ್ಸ್ ಸಂಸ್ಥೆಯೂ ಇವೆ. ಹುಬ್ಬಳ್ಳಿಯಲ್ಲಿ 1957ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಜನರ ಬಾಯಲ್ಲಿ ಅದರ ಆಸ್ಪತ್ರೆ ಕಿಮ್ಸ್ ಎಂದೇ ನಿಂತಿದೆ. ಗದಗ, ಹಾವೇರಿ, ಉತ್ತರ ಕನ್ನಡಗಳಿಂದಲೂ ರೋಗಿಗಳು ಅಲ್ಲಿಗೆ ಬರುತ್ತಾರೆ. ಇವುಗಳ ಜೊತೆಗೆ ಖಾಸಗಿ ದವಾಖಾನೆಗಳಂತೂ ಸರಿಯೇ ಸರಿ. ಹೀಗೆ ಒಬ್ಬನೇ ರೋಗಿ ಒಂದೇ ವಾರದಲ್ಲಿ ಮೂರು ಮೆಟ್ಟಿಲು ಹತ್ತಿ ಇಳಿಯಬಹುದು. ಪ್ರತಿ ಮೆಟ್ಟಿಲಿನಲ್ಲಿಯೂ ಡಾಕ್ಟರರು ಬೇರೆ, ಚೀಟಿ ಬೇರೆ, ಗುಳಿಗೆಯ ಹೆಸರು ಬೇರೆ.

ಇದು ನಮ್ಮೂರಿನ ತೊಂದರೆ ಮಾತ್ರವಲ್ಲ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಔಷಧಗಳಿಂದಾಗುವ ಹಾನಿಯನ್ನು ತಗ್ಗಿಸಲು ಜಗತ್ತಿಗೆಲ್ಲ ಕರೆ ಕೊಟ್ಟಿತು. ಹೆಚ್ಚಿನ ಎಚ್ಚರ ಬೇಕಾದ ಮೂರು ಸಂಗತಿಗಳನ್ನು ಅದು ಎತ್ತಿ ಹೇಳಿತು. ರೋಗಿಯು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವ ಸಮಯವು ಅವುಗಳಲ್ಲಿ ಒಂದು.

ನನ್ನ ವಲಯದಲ್ಲಿ ನಡೆದ ಒಂದು ಸಂಗತಿಯನ್ನು ಹೇಳುತ್ತೇನೆ. ಹತ್ತಿಗೆ ಎಣ್ಣೆ ಹೊಡೆಯುತ್ತಿದ್ದ ಒಬ್ಬ ರೈತನು ಮಧ್ಯಾಹ್ನ ಹೊಲದಲ್ಲಿಯೇ ಬಿದ್ದನು. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು. ಅಣ್ಣನು ಅವನನ್ನು ಹತ್ತಿರದ ದವಾಖಾನೆಗೆ ಒಯ್ದನು. ಅಲ್ಲಿ ಸೂಜಿ ಹಾಕಿ, ಕೂಡಲೇ ದೊಡ್ಡ ದವಾಖಾನೆಗೆ ಒಯ್ಯಿರೆಂದರು. ಗಡಿಬಿಡಿಯಲ್ಲಿ ಚೀಟಿ ಬರೆಯಲಿಲ್ಲ, ಇವರೂ ಕೇಳಲಿಲ್ಲ. ಮುಂದಿನ ದವಾಖಾನೆಯಲ್ಲಿ ಎರಡೇ ಪ್ರಶ್ನೆ ಕೇಳಿದರು: “ಯಾವ ಔಷಧ ಹೊಡೆಯುತ್ತಿದ್ದನು? ಅಲ್ಲಿ ಯಾವ ಸೂಜಿ, ಎಷ್ಟು ಹಾಕಿದ್ದಾರೆ?” ಅಣ್ಣನಿಗೆ ಎರಡೂ ಗೊತ್ತಿರಲಿಲ್ಲ. ಡಬ್ಬಿ ಹೊಲದ ಬದುವಿನಲ್ಲಿಯೇ ಉಳಿದಿತ್ತು. ಡಾಕ್ಟರರು ಲಕ್ಷಣಗಳನ್ನು ನೋಡಿ ಉಪಚಾರ ನಡೆಸಿದರು. ಡಬ್ಬಿಯನ್ನು ಹುಡುಕಲು ಒಬ್ಬ ಹುಡುಗನು ಮೋಟಾರು ಸೈಕಲ್ಲಿನ ಮೇಲೆ ಊರಿಗೆ ಓಡಿದನು. ರೈತನು ಬದುಕಿದನು. ಆದರೆ ಹುಡುಗ ತಿರುಗಿ ಬರುವವರೆಗೆ ಅಣ್ಣನು ಬಾಗಿಲಲ್ಲಿ ನಿಂತು ಪಟ್ಟ ಸಂಕಟ ಯಾವ ವೈರಿಗೂ ಬೇಡ.

ಡಬ್ಬಿ ಏಕೆ ಅಷ್ಟು ಮುಖ್ಯ? ಎಲ್ಲ ಕೀಟನಾಶಕಗಳೂ ಒಂದೇ ವಿಷವಲ್ಲ. ಪ್ರೊಫೆನೊಫಾಸ್, ಕ್ಲೋರ್‌ಪೈರಿಫಾಸ್ ಮೊದಲಾದ ಗುಂಪಿನ ವಿಷಕ್ಕೆ ಅಟ್ರೋಪಿನ್ ಎಂಬ ಸೂಜಿಯನ್ನು ರೋಗಿಯ ಸ್ಥಿತಿ ನೋಡುತ್ತ ಮೇಲಿಂದ ಮೇಲೆ ಹಾಕುತ್ತಾರೆ. ಆದ್ದರಿಂದ ಮೊದಲು ಎಷ್ಟು ಬಿದ್ದಿದೆಯೆಂಬುದು ಮುಂದಿನವರಿಗೆ ತಿಳಿಯಬೇಕು. ಸೈಪರ್‌ಮೆಥ್ರಿನ್ ಬೇರೆ ಗುಂಪಿನದು. ಕೆಲವು ಡಬ್ಬಿಗಳಲ್ಲಂತೂ ಎರಡೂ ಕೂಡಿಯೇ ಇರುತ್ತವೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಹೊಟ್ಟೆ ಸೇರಿದರೆ ಆಮ್ಲಜನಕವನ್ನು ಕೂಡ ಅಳೆದು ತೂಗಿ ಕೊಡಬೇಕಾಗುತ್ತದೆ. ಹೆಚ್ಚಾದರೆ ಶ್ವಾಸಕೋಶಕ್ಕೆ ಕೇಡು. ಡಬ್ಬಿಯ ಮೇಲಿನ ಚೀಟಿಯಲ್ಲಿ ವಿಷದ ಹೆಸರು, ಅದರ ಕಡುತನ ತೋರಿಸುವ ಬಣ್ಣದ ಗುರುತು, ಮಾಡಬೇಕಾದ ಉಪಚಾರ ಎಲ್ಲವೂ ಅಚ್ಚಾಗಿರುತ್ತವೆ. ಆದುದರಿಂದ ರೋಗಿಯ ತೊಯ್ದ ಅರಿವೆ ತೆಗೆದು, ಮೈಯನ್ನು ಸಾಬೂನಿನಿಂದ ತೊಳೆದು, ಡಬ್ಬಿಯನ್ನು ಮುಚ್ಚಿ ಚೀಲದಲ್ಲಿಟ್ಟು ಜೊತೆಗೇ ಒಯ್ಯಿರಿ.

ಹಾವು ಕಚ್ಚಿದಾಗಲೂ ಇದೇ ಮಾತು. ಕಚ್ಚಿದ ಹೊತ್ತು ಯಾವುದು, ಹಾವಿನ ವಿಷಕ್ಕೆ ಕೊಡುವ ಔಷಧದ ಶೀಸೆಗಳು ಎಷ್ಟು ಹೋದವು ಎಂಬುದನ್ನು ಬರೆಯಿಸಿಕೊಳ್ಳಿರಿ. ಕಚ್ಚಿದ ಕೈಕಾಲು ಅಲುಗದಂತೆ ನೋಡಿಕೊಳ್ಳಿರಿ. ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು ಬೇಡ. ಹಾವನ್ನು ಹಿಡಿಯಲು ಹೋಗಿ ಇನ್ನೊಬ್ಬ ರೋಗಿಯನ್ನು ಸಿದ್ಧಪಡಿಸುವುದೂ ಬೇಡ.

ಇವು ಅವಸರದ ಸಂಗತಿಗಳಾದವು. ಆದರೆ ಹೆಚ್ಚು ಹಾನಿ ಸದ್ದಿಲ್ಲದೆ ಆಗುತ್ತದೆ. ರಕ್ತದೊತ್ತಡಕ್ಕೆ ಊರಿನ ಕೇಂದ್ರದಲ್ಲಿ ಕೊಟ್ಟ ಗುಳಿಗೆಯೂ, ಹುಬ್ಬಳ್ಳಿಯಲ್ಲಿ ಬರೆದುಕೊಟ್ಟ ಗುಳಿಗೆಯೂ ಒಂದೇ ಔಷಧವಾಗಿರಬಹುದು. ಕಂಪನಿ ಬೇರೆ, ಬಣ್ಣ ಬೇರೆ. ಅಜ್ಜಿ ಎರಡನ್ನೂ ನಿಷ್ಠೆಯಿಂದ ನುಂಗುತ್ತಾಳೆ. ಎದ್ದು ನಿಲ್ಲುವಾಗ ತಲೆ ತಿರುಗಿ ಬೀಳುತ್ತಾಳೆ. ಸಕ್ಕರೆ ರೋಗದ ಗುಳಿಗೆ ಹೀಗೆ ಇಮ್ಮಡಿಯಾದರೆ ಜೀವಕ್ಕೇ ಅಪಾಯ. ಇದಕ್ಕೆ ವಿರುದ್ಧವಾದುದೂ ಉಂಟು. ಮೂರ್ಛೆರೋಗಕ್ಕೆ ದಿನಾಲು ಗುಳಿಗೆ ತೆಗೆದುಕೊಳ್ಳುವವನು ಕಾಲು ಮುರಿದು ಬೇರೆ ದವಾಖಾನೆ ಸೇರಿದನೆನ್ನಿರಿ. ಯಾರೂ ಹೇಳದಿದ್ದರೆ ಆ ಗುಳಿಗೆ ನಿಲ್ಲುತ್ತದೆ. ಗುಳಿಗೆ ನಿಂತರೆ ಮೂರ್ಛೆ ಮರಳಬಹುದು.

ದುಡಿಯಲು ಗೋವೆಗೆ, ಪುಣೆಗೆ ಹೋಗುವ ತಮ್ಮಂದಿರಿಗೆ ಒಂದು ಮಾತು. ಕ್ಷಯರೋಗದ ಸಾಮಾನ್ಯ ಉಪಚಾರ ಆರು ತಿಂಗಳು. ಊರು ಬಿಟ್ಟೆವೆಂದು ನಡುವೆ ನಿಲ್ಲಿಸಿದರೆ ರೋಗ ಔಷಧಕ್ಕೆ ಬಗ್ಗದಂತಾಗಬಹುದು. ಪ್ರತಿ ರೋಗಿಗೆ ನಿಕ್ಷಯ್ ಎಂಬ ನೋಂದಣಿಯ ನಂಬರು ಕೊಟ್ಟಿರುತ್ತಾರೆ. ಹೋಗುವ ಮುನ್ನ ಆರೋಗ್ಯ ಕೇಂದ್ರದಲ್ಲಿ ತಿಳಿಸಿ, ಆ ನಂಬರು ಒಯ್ದರೆ ಹೋದ ಊರಿನ ಸರಕಾರಿ ದವಾಖಾನೆಯಲ್ಲಿ ಉಪಚಾರ ಮುಂದುವರಿಯುತ್ತದೆ.

ಬಸುರಿ ಹೆಣ್ಣುಮಕ್ಕಳು ಹೆರಿಗೆಗೆ ತವರಿಗೆ ಹೋಗುವಾಗ ತಾಯಿ ಕಾರ್ಡನ್ನು ಸೀರೆಗಿಂತ ಮೊದಲು ಗಂಟಿನಲ್ಲಿಡಬೇಕು. ರಕ್ತದ ಗುಂಪು, ಹಿಮೋಗ್ಲೋಬಿನ್, ಹಿಂದಿನ ಹೆರಿಗೆಯ ತೊಂದರೆ ಎಲ್ಲವೂ ಅದರಲ್ಲಿವೆ. 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರಕಾರಿ ಆಸ್ಪತ್ರೆಗೆ ಹೋಗಲು, ಅಲ್ಲಿಂದ ದೊಡ್ಡ ಆಸ್ಪತ್ರೆಗೆ ಸಾಗಿಸಲು, ಮನೆಗೆ ಮರಳಲು ವಾಹನ ಉಚಿತ. ಇದು ಹಕ್ಕು, ಕೇಳಲು ಸಂಕೋಚ ಬೇಡ.

ಹಣದ ಮಾತನ್ನೂ ಆಡಬೇಕು. 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಉಪಚಾರ ಇದರಲ್ಲಿ ಸಿಗುತ್ತದೆ. ಸರಕಾರಿ ಆಸ್ಪತ್ರೆಯಲ್ಲಿ ಆಗದ ದೊಡ್ಡ ಉಪಚಾರಕ್ಕೆ ಅಲ್ಲಿಂದ ಶಿಫಾರಸು ಪತ್ರ ಪಡೆದು ಯೋಜನೆಗೆ ಸೇರಿದ ಖಾಸಗಿ ಆಸ್ಪತ್ರೆಗೆ ಹೋಗಬೇಕು. ತುರ್ತು ಪ್ರಸಂಗಗಳಿಗೆ ಮಾತ್ರ ವಿನಾಯಿತಿ ಇದೆ. ಪತ್ರವಿಲ್ಲದೆ ನೇರವಾಗಿ ಹೋದವರು ಸಾಲ ಮಾಡಿದ್ದುಂಟು.

ಇಷ್ಟು ಹೇಳಿದ ಮೇಲೆ ಮಾಡಬೇಕಾದುದನ್ನು ಚುಟುಕಾಗಿ ಹೇಳುತ್ತೇನೆ:

1. ಮನೆಗೊಂದು ಅರಿವೆಯ ಚೀಲವಿರಲಿ. ಚೀಟಿ, ರಕ್ತ ಪರೀಕ್ಷೆಯ ಕಾಗದ, ಎಕ್ಸ್‌ರೇ, ರೇಶನ್ ಕಾರ್ಡು, ಆಧಾರ ಎಲ್ಲವೂ ಅದರಲ್ಲಿಯೇ ಇರಲಿ. ಹಳೆಯ ಚೀಟಿಯಲ್ಲಿ ಚುರುಮುರಿ ಕಟ್ಟಬೇಡಿರಿ.

2. ದಿನಾಲು ತೆಗೆದುಕೊಳ್ಳುವ ಗುಳಿಗೆಗಳ ಹೆಸರು, ಪ್ರಮಾಣ, ಹೊತ್ತು ಮತ್ತು ಮೈಗೆ ಆಗದ ಔಷಧ ಇವನ್ನು ಒಂದು ಹಾಳೆಯಲ್ಲಿ ಬರೆದಿಡಿರಿ. ಬರೆಯಲು ಬಾರದವರು ಸಾಲೆಗೆ ಹೋಗುವ ಮಕ್ಕಳಿಂದ ಬರೆಯಿಸಿರಿ. ಅದೂ ಆಗದಿದ್ದರೆ ಗುಳಿಗೆಯ ಪಟ್ಟಿಗಳನ್ನೇ ಒಯ್ಯಿರಿ. ನಾಟಿ ಔಷಧ ತೆಗೆದುಕೊಂಡಿದ್ದರೆ ಮುಚ್ಚಿಡಬೇಡಿರಿ.

3. ಮುಂದಿನ ದವಾಖಾನೆಗೆ ಹೋಗಿರೆಂದಾಗ ನಾಲ್ಕು ಸಂಗತಿ ಬರೆಯಿಸಿಕೊಳ್ಳಿರಿ: ರೋಗ ಏನೆಂದು ಕಾಣುತ್ತದೆ, ಏನು ಕೊಟ್ಟಿದ್ದಾರೆ, ಎಷ್ಟು ಹೊತ್ತಿಗೆ ಕೊಟ್ಟರು, ಏಕೆ ಕಳಿಸುತ್ತಿದ್ದಾರೆ.

4. ಗಂಭೀರ ರೋಗಿಯನ್ನು ಸಿಕ್ಕ ಗಾಡಿಯಲ್ಲಿ ಹೇರದೆ 108ಕ್ಕೆ ಕರೆ ಮಾಡಿರಿ. ನಮ್ಮ ರಾಜ್ಯದಲ್ಲಿ 2008ರಿಂದ ಈ ಸೇವೆ ಉಚಿತವಾಗಿದೆ. ಮುಂದಿನ ಆಸ್ಪತ್ರೆಗೆ ಮೊದಲೇ ಫೋನು ಮಾಡಿ ಹಾಸಿಗೆ ಇದೆಯೇ ಎಂದು ಕೇಳಲು ಡಾಕ್ಟರರನ್ನು ವಿನಂತಿಸಿರಿ.

5. ಮನೆಗೆ ಕಳಿಸುವಾಗ ಬಿಡುಗಡೆಯ ಚೀಟಿ ಪಡೆಯದೆ ಹೊರಡಬೇಡಿರಿ. ಯಾವ ಗುಳಿಗೆ ಹೊಸದು, ಯಾವ ಹಳೆಯದನ್ನು ನಿಲ್ಲಿಸಬೇಕು, ತಿರುಗಿ ಯಾವಾಗ ಬರಬೇಕು, ಏನು ಕಂಡರೆ ಕೂಡಲೇ ಬರಬೇಕು ಎಂದು ಕೇಳಿರಿ. ಕೇಳಿದ್ದನ್ನು ಅವರ ಮುಂದೆಯೇ ಒಮ್ಮೆ ತಿರುಗಿ ಹೇಳಿರಿ. ತಪ್ಪಿದ್ದರೆ ಅಲ್ಲಿಯೇ ತಿದ್ದುತ್ತಾರೆ.

6. ಊರಿಗೆ ಬಂದ ಎರಡು ಮೂರು ದಿನಗಳಲ್ಲಿ ಆ ಚೀಟಿಯನ್ನು ಆಶಾ ಕಾರ್ಯಕರ್ತೆಗೆ, ಆರೋಗ್ಯ ಕೇಂದ್ರದ ಡಾಕ್ಟರರಿಗೆ ತೋರಿಸಿರಿ. ಮುಂದೆ ದಿನಾಲು ನಿಮ್ಮನ್ನು ನೋಡುವವರು ಅವರೇ.

ರೋಗಿಯ ಜೊತೆಗೆ ಹತ್ತು ಜನ ಹೋಗುವುದು ನಮ್ಮ ಕಡೆಯ ಪ್ರೀತಿ. ಆದರೆ ಒಬ್ಬ ಚೀಟಿ ಹಿಡಿದರೆ ಇನ್ನೊಬ್ಬ ಗುಳಿಗೆ ಹಿಡಿಯುತ್ತಾನೆ. ಡಾಕ್ಟರರು ಕೇಳಿದಾಗ ಇಬ್ಬರೂ ಚಹಾದ ಅಂಗಡಿಯಲ್ಲಿರುತ್ತಾರೆ. ಆದ್ದರಿಂದ ಮೊದಲಿನಿಂದ ಕೊನೆಯವರೆಗೆ ಒಬ್ಬರೇ ಜವಾಬ್ದಾರಿ ಹೊರಲಿ. ಅವರು ಬದಲಾಗುವಾಗ ಚೀಲವನ್ನೂ ಮಾತನ್ನೂ ಕೂಡಿಯೇ ಒಪ್ಪಿಸಲಿ.

ಪಂಚಾಯತಿಯವರಲ್ಲಿ ನನ್ನದೊಂದು ವಿನಂತಿ. ಆರೋಗ್ಯ ಕೇಂದ್ರ, ತಾಲೂಕಾ ಆಸ್ಪತ್ರೆ, ಆಶಾ ಕಾರ್ಯಕರ್ತೆ ಇವರ ಫೋನು ನಂಬರುಗಳನ್ನು ಚಾವಡಿಯ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಯಿಸಬೇಕು. ಮಹಿಳಾ ಸಂಘದವರು ಬರುವ ತಿಂಗಳು ಮನೆ ಮನೆಗೆ ಹೋಗಿ ಹಿರಿಯರ ಗುಳಿಗೆಗಳ ಪಟ್ಟಿ ಬರೆಯಿಸುವ ಕೆಲಸ ಕೈಕೊಂಡರೆ ನಾನೂ ಜೊತೆಗೆ ಬರುತ್ತೇನೆ. ಇದಕ್ಕೆ ಸರಕಾರದ ಮಂಜೂರಿ ಬೇಡ, ಹಣ ಬೇಡ. ಒಂದು ಹಾಳೆ, ಒಂದು ಪೆನ್ನು, ಅರ್ಧ ತಾಸು ಸಾಕು.