ರಮಾಬಾಯಿ ಬಿಟ್ಟುಕೊಟ್ಟದ್ದು, ಬಿಡದೆ ಹಿಡಿದದ್ದು



ಮನಸ್ಸಿಗೆ ಪೆಟ್ಟು ಬಿದ್ದ ಮೇಲೆ ಆ ನೋವನ್ನು ಏನು ಮಾಡಬೇಕು ಎನ್ನುವುದು ಇಂದಿನ ವಿಷಯ. ಕ್ರೈಸ್ತ ಧರ್ಮದ ಉತ್ತರ ನಮಗೆಲ್ಲ ಗೊತ್ತಿರುವುದೇ: ಕ್ಷಮಿಸು, ವೈರಿಯನ್ನೂ ಪ್ರೀತಿಸು. ಕೇಳಲು ಹಿತವಾದ ಮಾತು, ನಡೆಸಲು ಬಹಳ ಕಷ್ಟ. ಅದನ್ನು ಇದೇ ಪುಣೆಯಲ್ಲಿ ನಡೆಸಿ ನೋಡಿದ ಒಬ್ಬ ಹೆಣ್ಣುಮಗಳ ಬಗ್ಗೆ ಮಾತಾಡುತ್ತೇನೆ. ಅವರು ಹುಟ್ಟಿದ್ದು 1858ರಲ್ಲಿ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ, ಅಂದರೆ ನಮ್ಮ ಕನ್ನಡ ನೆಲದಲ್ಲಿ. ಮರಾಠಿಗರಿಗೆ ಅವರು ಪಂಡಿತಾ ರಮಾಬಾಯಿ. ನಮಗೂ ಅವರು ಹತ್ತಿರದವರೇ, ನಾವು ಅವರನ್ನು ಅಷ್ಟಾಗಿ ನೆನೆಯುವುದಿಲ್ಲ ಅಷ್ಟೇ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಹೆಂಗಸಿಗೆ ಶಾಸ್ತ್ರವೇ ಎಂದು ಜನ ಕೆರಳಿದರು. ಗಂಡ ಹೆಂಡತಿ ಕಾಡು ಸೇರಿದರು, ಆಮೇಲೆ ಮಕ್ಕಳೊಂದಿಗೆ ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತ ಅಲೆದರು. 1870ರ ದಶಕದ ಬರಗಾಲ ತಂದೆಯನ್ನು, ತಾಯಿಯನ್ನು, ಅಕ್ಕನನ್ನು ಕೊಂಡೊಯ್ದಿತು. ತಾಯಿಯ ಶವಕ್ಕೆ ಹೆಗಲು ಕೊಡುವವರೇ ಇರಲಿಲ್ಲ. ಕೊನೆಗೆ ಇಬ್ಬರು ಬ್ರಾಹ್ಮಣರು ಕನಿಕರದಿಂದ ಮುಂದೆ ಬಂದರು. ರಮಾ ಗಿಡ್ಡ ಹುಡುಗಿ, ಹೆಗಲು ಎಟುಕುತ್ತಿರಲಿಲ್ಲ. ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತು ಸುಮಾರು ಮೂರು ಮೈಲಿ ನಡೆದಳು. ಆ ವಯಸ್ಸಿನಲ್ಲಿ ಇಷ್ಟು ಕಂಡವಳು ಜಗತ್ತಿನ ಮೇಲೇ ಹಗೆ ಸಾಧಿಸಿದ್ದರೂ ಯಾರೂ ತಪ್ಪೆನ್ನುತ್ತಿರಲಿಲ್ಲ.

1878ರಲ್ಲಿ ಅಣ್ಣನೊಂದಿಗೆ ಕಲ್ಕತ್ತೆ ತಲುಪಿದಾಗ ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಕೊಟ್ಟರು. ಅಣ್ಣ ತೀರಿಕೊಂಡರು. ರಮಾಬಾಯಿ ಬಂಗಾಳದ ವಕೀಲ ಬಿಪಿನ್ ಬಿಹಾರಿ ಅವರನ್ನು ಜಾತಿ ಮೀರಿ ಮದುವೆಯಾದರು. ಎರಡು ವರ್ಷ ತುಂಬುವ ಮೊದಲೇ ಕಾಲರಾ ಗಂಡನನ್ನೂ ಒಯ್ದಿತು. 1882ರಲ್ಲಿ ಕೈಗೂಸು ಮನೋರಮಾಳನ್ನು ಎತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಮರುವರ್ಷ ಓದಲೆಂದು ಇಂಗ್ಲೆಂಡಿಗೆ ಹೋದರು, ಅದೇ ಸೆಪ್ಟೆಂಬರ್ 29ರಂದು ವಾಂಟೇಜ್ ಎಂಬ ಊರಿನಲ್ಲಿ ದೀಕ್ಷಾಸ್ನಾನ ಪಡೆದರು.

ಅವರನ್ನು ಸೆಳೆದದ್ದು ತತ್ತ್ವಚರ್ಚೆಯಲ್ಲ. ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ಸಮಾಜ ಹೊರಗೆ ತಳ್ಳಿದ ಹೆಂಗಸರನ್ನು ಕ್ರೈಸ್ತ ಸಂನ್ಯಾಸಿನಿಯರು ಸಾಕುತ್ತಿದ್ದ ಮನೆಯೊಂದಿತ್ತು. ಇಂಥವರನ್ನು ದೂರವಿಡುವುದೇ ಧರ್ಮವೆಂದು ಕೇಳಿ ಬೆಳೆದಿದ್ದ ರಮಾಬಾಯಿ ಬೆರಗಾಗಿ, ಇವರ ಮೇಲೆ ನಿಮಗೆ ಯಾಕಿಷ್ಟು ಅಕ್ಕರೆ ಎಂದು ಕೇಳಿದರು. ಒಬ್ಬ ಸೋದರಿ ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯವನ್ನು ಓದಿ ಹೇಳಿದರು.

ಆ ಕಥೆಯ ಬಳಿ ನಾವೂ ಸ್ವಲ್ಪ ನಿಲ್ಲೋಣ. ಯೆಹೂದ್ಯರಿಗೂ ಸಮಾರ್ಯರಿಗೂ ತಲೆಮಾರುಗಳ ಹಗೆ. ಇಬ್ಬರೂ ಒಂದೇ ಪೂರ್ವಜರ ಹೆಸರು ಹೇಳುವವರು, ಅಕ್ಕಪಕ್ಕದ ನೆಲದವರು, ಆದರೆ ದೇವರನ್ನು ಯಾವ ಬೆಟ್ಟದಲ್ಲಿ ಪೂಜಿಸಬೇಕು ಎಂದು ಜಗಳ. ದಾಯಾದಿ ಮತ್ಸರದಷ್ಟು ಆಳವಾದದ್ದು ಬೇರೊಂದಿಲ್ಲ. ಅಂಥಲ್ಲಿ ಉರಿಬಿಸಿಲಿನಲ್ಲಿ ಬಾವಿಯ ಬಳಿ ಕೂತ ಯೇಸು ಒಬ್ಬ ಸಮಾರ್ಯ ಹೆಂಗಸನ್ನು ಕುಡಿಯಲು ನೀರು ಕೇಳುತ್ತಾನೆ. ಅವನು ಉಪದೇಶದಿಂದ ಆರಂಭಿಸಲಿಲ್ಲ, ‘ನಿನ್ನನ್ನು ಕ್ಷಮಿಸಿದ್ದೇನೆ’ ಎಂದು ಎತ್ತರದಲ್ಲಿ ನಿಂತು ಘೋಷಿಸಲೂ ಇಲ್ಲ. ಕೈಯೊಡ್ಡಿ ಕೇಳಿದ. ನಮ್ಮ ಊರುಗಳಲ್ಲಿ ಮುನಿಸು ಬಲಿತಾಗ ‘ಅವರ ಮನೆಯಲ್ಲಿ ತೊಟ್ಟು ನೀರನ್ನೂ ಮುಟ್ಟುವುದಿಲ್ಲ’ ಎನ್ನುತ್ತೇವಲ್ಲ, ಅವನು ಕೈ ಹಾಕಿದ್ದು ಸರಿಯಾಗಿ ಆ ಗಂಟಿಗೆ. ಕೊಡುವವನಾಗಿ ಹೋಗುವುದಕ್ಕಿಂತ ಕೇಳುವವನಾಗಿ ಹೋಗುವುದು ಕಷ್ಟ. ನಮ್ಮ ಅಹಂಕಾರ ಅಡ್ಡ ನಿಲ್ಲುವುದು ಅಲ್ಲೇ. ಕ್ರೈಸ್ತ ಪ್ರೀತಿಯ ಬಗ್ಗೆ ನಾನು ಓದಿದ್ದರಲ್ಲೆಲ್ಲ ನನ್ನನ್ನು ಹೆಚ್ಚು ಕಲಕಿದ್ದು ಈ ಬಾವಿಕಟ್ಟೆಯ ಪ್ರಸಂಗ.

ದೀಕ್ಷೆಯಾದೊಡನೆ ರಮಾಬಾಯಿಯ ನೋವು ಮುಗಿಯಲಿಲ್ಲ. ಇಲ್ಲಿ ಪುಣೆಯಲ್ಲಿ ಹಿಂದಿನ ಸ್ನೇಹಿತರು ಸಿಟ್ಟಾದರು. ಜೋತಿಬಾ ಫುಲೆಯವರಂಥ ಕೆಲವರಷ್ಟೇ ಬಹಿರಂಗವಾಗಿ ಅವರ ಪರ ಬರೆದರು. ಅಲ್ಲಿ ಇಂಗ್ಲೆಂಡಿನಲ್ಲಿ ಚರ್ಚಿನವರಿಗೂ ಅವರು ಸರಿಬೀಳಲಿಲ್ಲ. ಮಾಂಸ ತಿನ್ನಲಿಲ್ಲ, ತ್ರಯೇಕತ್ವದ ಬಗ್ಗೆ ಪ್ರಶ್ನೆ ಕೇಳಿದರು. ಗಂಡುಮಕ್ಕಳಿಗೂ ಅವರು ಪಾಠ ಹೇಳುವ ಮಾತು ಬಂದಾಗ ಭಾರತದ ಬಿಷಪ್‌ಗಳು ಆಕ್ಷೇಪಿಸಿದರು. ಅವರಿಗೆ ಧರ್ಮಮಾತೆಯಂತಿದ್ದ ಸಿಸ್ಟರ್ ಜೆರಾಲ್ಡೀನ್, ನಿನ್ನಲ್ಲಿ ಗರ್ವವಿದೆ ಎಂದು ಬರೆದರು. ಒಂದು ಪುರೋಹಿತಶಾಹಿಯ ನೊಗ ಕಳಚಿ ಬಂದವಳು ಇನ್ನೊಂದಕ್ಕೆ ಕತ್ತು ಕೊಡುವುದಿಲ್ಲ ಎಂಬ ಧಾಟಿಯಲ್ಲಿ ರಮಾಬಾಯಿ ಉತ್ತರಿಸಿದರು. ಪತ್ರಗಳು ಖಾರವಾದವು. ಆದರೂ ನಿಲ್ಲಲಿಲ್ಲ. ಪುಟ್ಟ ಮನೋರಮಾ ಸಿಸ್ಟರನ್ನು ‘ಆಜೀಬಾಯಿ’ ಎನ್ನುತ್ತಿದ್ದಳು, ರಮಾಬಾಯಿಯೂ ಪತ್ರದಲ್ಲಿ ಹಾಗೇ ಕರೆದರು. ಜಗಳವಾಡುತ್ತಲೇ ‘ಅಜ್ಜಿ’ ಎಂದು ಕರೆಯುವ ಆ ಶಕ್ತಿಯನ್ನು ಗಮನಿಸಿ.

ಈಗ 1893ಕ್ಕೆ ಬರೋಣ. ಭಾರತಕ್ಕೆ ಮರಳಿದ ರಮಾಬಾಯಿ 1889ರ ಮಾರ್ಚ್‌ನಲ್ಲಿ ಮುಂಬಯಿಯಲ್ಲಿ ಆರಂಭಿಸಿದ ಶಾಲೆ ಶಾರದಾ ಸದನ ಮರುವರ್ಷ ಪುಣೆಗೆ ಬಂತು. ಬಾಲವಿಧವೆಯರು ಅಲ್ಲಿ ಓದಿದರು. ಇಲ್ಲಿಗೆ ಹತ್ತಿರದ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದ ಧೋಂಡೊ ಕೇಶವ ಕರ್ವೆಯವರು ಕೈಹಿಡಿದ ಗೋದೂಬಾಯಿ ಆ ಸದನದ ಮೊದಲ ವಿಧವೆ ವಿದ್ಯಾರ್ಥಿನಿ. 1893ರಲ್ಲಿ ಗಾಳಿ ತಿರುಗಿತು. ಹುಡುಗಿಯರು ರಮಾಬಾಯಿಯ ಪ್ರಾರ್ಥನೆಯಲ್ಲಿ ಕೂರುತ್ತಾರೆ, ಮತಾಂತರದ ಕಡೆ ವಾಲುತ್ತಿದ್ದಾರೆ ಎಂದು ಗದ್ದಲವೆದ್ದಿತು. ‘ಕೇಸರಿ’ ಪತ್ರಿಕೆ ಕಟುವಾಗಿ ಬರೆಯಿತು. ಸದನದ ಸಲಹಾ ಮಂಡಳಿಯಲ್ಲಿದ್ದ ಸುಧಾರಕರಾದ ರಾನಡೆ, ಭಂಡಾರಕರ್ ಹೊರನಡೆದರು. ಪಾಲಕರು ಇಪ್ಪತ್ತಕ್ಕೂ ಹೆಚ್ಚು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಪಾಲಕರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಧರ್ಮದಲ್ಲಿ ತಲೆಹಾಕುವುದಿಲ್ಲವೆಂಬ ಭರವಸೆಯ ಮೇಲೆ ಮಕ್ಕಳನ್ನು ಕಳಿಸಿದ್ದವರು ಅವರು. ತಾನು ಬಿಟ್ಟುಬಂದ ಧರ್ಮದ ಬಗ್ಗೆ ರಮಾಬಾಯಿ ಬರೆದ ಕೆಲವು ಮಾತುಗಳು ಇವತ್ತಿಗೂ ನೋಯಿಸುತ್ತವೆ ಎನ್ನುವುದನ್ನೂ ಮರೆಮಾಚಬೇಕಿಲ್ಲ. ಆದರೆ ಮಕ್ಕಳಂತೆ ಸಾಕಿದ ಹುಡುಗಿಯರು ಸಾಲಾಗಿ ಹೊರಟುಹೋಗುವುದನ್ನು ನೋಡುತ್ತ ನಿಂತ ಹೆಂಗಸಿನ ಎದೆಯಲ್ಲಿ ಏನು ಉಳಿಯಬಹುದು, ಯೋಚಿಸಿ.

ಅವರು ಪುಣೆಗೆ ಬೆನ್ನು ತಿರುಗಿಸಲಿಲ್ಲ, ಉಳಿದವರನ್ನು ಓದಿಸಿದರು. 1896–97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿದ್ದಾಗ ತಾವೇ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ತಮ್ಮವರನ್ನು ಒಯ್ದ ಹಸಿವು ಅವರಿಗೆ ಪರಿಚಿತವಾಗಿತ್ತು. ದೌಂಡ್ ರೈಲುದಾರಿಯ ಕೇಡಗಾಂವ್‌ನಲ್ಲಿ ‘ಮುಕ್ತಿ’ ಎಂಬ ಆಶ್ರಯಧಾಮ ಎದ್ದಿತು. 1900ರ ಗುಜರಾತಿನ ಬರದ ಹೊತ್ತಿಗೆ ಅಲ್ಲಿ ಸುಮಾರು ಎರಡು ಸಾವಿರ ಜನರಿದ್ದರು. ಶಾರದಾ ಸದನ ಮುಖ್ಯವಾಗಿ ಮೇಲ್ಜಾತಿಯ ವಿಧವೆಯರಿಗಾಗಿ ಹುಟ್ಟಿದ್ದು, ಮುಕ್ತಿಗೆ ಯಾವ ಜಾತಿಯವರೂ ಬರಬಹುದಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ರಮಾಬಾಯಿ ಎಲ್ಲವನ್ನೂ ಸಹಿಸಿಕೊಂಡ ಸಾಧ್ವಿಯಂತೆ ಕಾಣುತ್ತಾರೆ. ಅದು ನಿಜವಲ್ಲ. 1897ರಲ್ಲಿ ಪುಣೆಯ ಪ್ಲೇಗ್ ಶಿಬಿರ, ಆಸ್ಪತ್ರೆಗಳಲ್ಲಿ ಹೆಂಗಸರನ್ನು ನಡೆಸಿಕೊಂಡ ರೀತಿ ಕಂಡು ಅವರು ‘ಬಾಂಬೆ ಗಾರ್ಡಿಯನ್’ ಪತ್ರಿಕೆಗೆ ಕೆರಳಿ ಬರೆದರು. ಸರ್ಕಾರ ಅವರದೇ ಧರ್ಮದವರದು, ಸಹಾಯಧನ ಬರುತ್ತಿದ್ದದ್ದು ಕ್ರೈಸ್ತ ದೇಶಗಳಿಂದ. ಅದಕ್ಕೆಲ್ಲ ಅಂಜಲಿಲ್ಲ. ವಿಷಯ ಬ್ರಿಟಿಷ್ ಸಂಸತ್ತಿನವರೆಗೆ ಹೋಯಿತು, ಗವರ್ನರ್ ಅಲ್ಲಗಳೆದರು.

ನನ್ನ ಪಾಲಿಗೆ ಇಡೀ ಉಪನ್ಯಾಸದ ತಿರುಳು ಇದೇ. ತನಗೆ ಬಿದ್ದ ಪೆಟ್ಟಿಗೆ ಲೆಕ್ಕ ಇಡದವರು ಇನ್ನೊಬ್ಬರಿಗೆ ಬಿದ್ದ ಪೆಟ್ಟನ್ನು ಕಂಡು ಸುಮ್ಮನಿರಲಿಲ್ಲ. ನಾವು ಸಾಮಾನ್ಯವಾಗಿ ತಿರುವುಮುರುವು ಮಾಡುತ್ತೇವೆ. ಮದುವೆಯ ಕರೆಯೋಲೆಯಲ್ಲಿ ಹೆಸರು ಬಿಟ್ಟುಹೋದದ್ದನ್ನು ಇಪ್ಪತ್ತು ವರ್ಷ ನೆನಪಿಡುತ್ತೇವೆ, ಪಕ್ಕದ ಮನೆಯ ಸೊಸೆ ಹೊಡೆತ ತಿನ್ನುವುದನ್ನು ‘ಅವರ ಮನೆಯ ವಿಷಯ’ ಎಂದು ಕ್ಷಮಿಸಿಬಿಡುತ್ತೇವೆ. ಕ್ಷಮಿಸುವ ಹಕ್ಕು ನಮಗಿರುವುದು ನಮ್ಮ ನೋವಿನ ಮೇಲೆ ಮಾತ್ರ. ಹೊಡೆತ ತಿನ್ನುವವಳ ಪರವಾಗಿ ನಾವು ಕ್ಷಮಿಸಲಾರೆವು. ಹೊಡೆತ ತಿನ್ನುವವಳಿಗೆ ‘ಕ್ಷಮಿಸಿ ಸುಮ್ಮನಿರು’ ಎನ್ನುವುದನ್ನೂ ನಾನು ಪ್ರೀತಿ ಎನ್ನಲಾರೆ.

ತನ್ನ ನೋವನ್ನು ಬಿಟ್ಟುಕೊಡುವ ಬಲ ರಮಾಬಾಯಿಗೆ ಎಲ್ಲಿಂದ ಬಂತು? 1883ರಲ್ಲಿ ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತ ಸಿಕ್ಕಿದ್ದು ಎಂಟು ವರ್ಷ ಕಳೆದ ಮೇಲೆ ಎಂದು ರಮಾಬಾಯಿ ತಮ್ಮ ಸಾಕ್ಷ್ಯದಲ್ಲಿ ಹೇಳಿಕೊಂಡಿದ್ದಾರೆ. ತಾನೇ ಕ್ಷಮೆ ಪಡೆದವಳು ಎಂಬ ಅರಿವು ಅದು. ಆ ಅರಿವು ಬಂದ ಎರಡೇ ವರ್ಷಕ್ಕೆ 1893ರ ಬಿರುಗಾಳಿ ಬೀಸಿತು. ದೇವರ ಮುಂದೆ ನಾನೂ ಸಾಲಗಾರಳು ಎಂದುಕೊಂಡವರಿಗೆ ಉಳಿದವರ ಬಾಕಿ ವಸೂಲಿ ಮಾಡುವ ಹಟ ಸಡಿಲವಾಗುತ್ತದೆ. ನಂಬಿಕೆ ಬೇರೆಯಾದ ನನ್ನಂಥವನಿಗೂ ಈ ಮಾತು ತಟ್ಟುತ್ತದೆ.

1912ರಲ್ಲಿ ತಾಯಿ ಮಗಳು ಕಲಬುರಗಿಯಲ್ಲಿ ಒಂದು ಶಾಲೆ ತೆರೆದರು. 1921ರಲ್ಲಿ ಮನೋರಮಾ ತೀರಿಕೊಂಡರು, ಮರುವರ್ಷ ಏಪ್ರಿಲ್ 5ರಂದು ರಮಾಬಾಯಿ.

ಸಿಸ್ಟರ್ ಜೆರಾಲ್ಡೀನ್ ಆ ಪತ್ರಗಳನ್ನೆಲ್ಲ ಜೋಡಿಸಿ ಇಟ್ಟಿದ್ದರು. ತನ್ನನ್ನೇ ಎದುರಿಸಿ ಬರೆದ ಪತ್ರಗಳನ್ನೂ ಹರಿದು ಹಾಕಲಿಲ್ಲ. 1977ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಾಹಿತ್ಯ ಸಂಸ್ಕೃತಿ ಮಂಡಳಿ ಎ. ಬಿ. ಶಾ ಅವರ ಸಂಪಾದಕತ್ವದಲ್ಲಿ ಅವನ್ನು ಪುಸ್ತಕವಾಗಿ ತಂದಿತು. ಸಿಸ್ಟರ್ ಬೈದದ್ದೂ ರಮಾಬಾಯಿ ತಿರುಗಿ ಹೇಳಿದ್ದೂ ಅದರಲ್ಲಿ ಅಕ್ಕಪಕ್ಕದ ಪುಟಗಳಲ್ಲಿವೆ.