ಕರೆಂಟು ಕೆಟ್ಟರೆ ಮೊದಲೇ ಕಿಸೆಗೆ ಕೈ ಹಾಕಬೇಡಿ
(ಕುರುಗೋಡು ಭಾಗದ ರೈತರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬೆಲೆ, ಸಾಲ, ಕಾಲುವೆ ನೀರು ಅಂತ ಪ್ರತಿ ಸಭೆಯಲ್ಲೂ ಮಾತಾಡುತ್ತೇವೆ. ಮನೆಯೊಳಗಿಂದ ಸೋರಿಹೋಗುವ ದುಡ್ಡಿನ ಬಗ್ಗೆ ಮಾತಾಡುವುದು ಕಡಿಮೆ. ಗೊಬ್ಬರಕ್ಕೆ ತಂದ ಸಾಲವನ್ನು ಬರೆದಿಡುತ್ತೇವೆ. ಕರೆಂಟು ಕೆಟ್ಟಾಗ ಕೊಟ್ಟ ದುಡ್ಡನ್ನು ಯಾರು ಬರೆದಿಡುತ್ತಾರೆ? ಇವತ್ತು ಆ ಲೆಕ್ಕ ಹಾಕೋಣ.

2025-26ರ ಮುಂಗಾರಿಗೆ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ಬಳ್ಳಾರಿಯಿಂದ ಎಲೆಕ್ಟ್ರಿಷಿಯನ್ ಬಂದು, ಹೋಗಿಬರುವ ಖರ್ಚು, ಕೂಲಿ, ಸಾಮಾನು ಸೇರಿ 1,200 ರೂಪಾಯಿ ಆಯಿತು ಅನ್ನಿ. ಅದು ಅರ್ಧ ಕ್ವಿಂಟಲ್ ನೆಲ್ಲು! ನಾಟಿ ಹಚ್ಚಿ, ಕಳೆ ತೆಗೆದು, ನೀರು ಕಾಯ್ದು ಬೆಳೆದ ನೆಲ್ಲು. ದುಡಿದವನಿಗೆ ಕೂಲಿ ಕೊಡಬೇಕು, ಅದರಲ್ಲಿ ಎರಡು ಮಾತಿಲ್ಲ. ಅವನೂ ನಮ್ಮ ಹಾಗೆ ಕೈಕೆಲಸದವನೇ. ಆದರೆ ಇಲ್ಲದ ರೋಗಕ್ಕೆ ಔಷಧಿ ಯಾಕ್ರಿ?

ಸಿರುಗುಪ್ಪದ ಕಡೆ ಒಂದು ಮನೆ. ಮಿಕ್ಸಿ ಹಾಕಿದರೆ ದೀಪ ಮಂಕಾಗುತ್ತಿತ್ತು. ನೋಡಲು ಬಂದವನೊಬ್ಬ "ವೈರಿಂಗ್ ಪೂರಾ ಹೋಗೈತಿ, ಎಲ್ಲಾ ಬದಲಿಸಬೇಕು" ಅಂದ. ಮನೆಯವರು ಬಡ್ಡಿ ದುಡ್ಡು ತರಲು ಹೊರಟಿದ್ದರು. ನಾನು ಕೇಳಿದ್ದು ಒಂದೇ ಮಾತು: "ಪಕ್ಕದ ಮನೆಯಲ್ಲೂ ಹಿಂಗೇ ಆಗ್ತೈತೇನಮ್ಮ?" ಆಗ್ತೈತಿ ಅಂದರು. ಹಾಗಾದರೆ ತಪ್ಪು ಮನೆಯೊಳಗಿಲ್ಲ, ಹೊರಗಿದೆ. ಲೈನ್‌ಮನ್ ಬಂದು ನೋಡಿದಾಗ ಕಂಬದ ಮೇಲೆ ನ್ಯೂಟ್ರಲ್ ತಂತಿಯ ಜೋಡಣೆ ಸಡಿಲವಾಗಿತ್ತು. ಬಿಗಿ ಮಾಡಿದ, ಸರಿಹೋಯಿತು. ವೈರಿಂಗಿಗೆ ಒಂದು ಪೈಸೆ ಹೋಗಲಿಲ್ಲ.

ಆದ್ದರಿಂದ ಮೊದಲ ಪ್ರಶ್ನೆ: ಕೆಟ್ಟಿರುವುದು ಊರಿಗೋ, ಓಣಿಗೋ, ನಮ್ಮ ಮನೆಗೋ? ಪಕ್ಕದ ಒಂದೇ ಮನೆ ನೋಡಿದರೆ ಸಾಲದು. ಕಂಬದಲ್ಲಿ ಮೂರು ಫೇಸ್ ಇರುತ್ತವೆ. ಒಂದು ಹೋದರೆ ನಿಮ್ಮ ಮನೆ ಕತ್ತಲು, ಪಕ್ಕದ ಮನೆ ಬೆಳಕು. ನಾಲ್ಕಾರು ಮನೆ ನೋಡಿ. ಆಮೇಲೆ ಮೀಟರು ನೋಡಿ. ಮೀಟರಿನಲ್ಲಿ ಅಂಕಿ ಕಾಣದಿದ್ದರೆ ಕರೆಂಟು ಮನೆಯತನಕ ಬಂದಿಲ್ಲ ಅಂತ ತಿಳಿಯಿರಿ. ನಾವಿನ್ನೂ ಕೆಇಬಿ ಅಂತಲೇ ಕರೆಯುತ್ತೇವೆ. ಅದು 1999ರಲ್ಲಿ ಕೆಪಿಟಿಸಿಎಲ್ ಆಯಿತು, 2002ರಿಂದ ನಮ್ಮ ಕಡೆಯ ಕಂಬ, ತಂತಿ ಜೆಸ್ಕಾಂನವು. ಅವು ಕೆಟ್ಟರೆ 1912ಕ್ಕೆ ಫೋನು ಮಾಡಿ ದೂರು ಬರೆಸಿ, ದೂರಿನ ನಂಬರು ಕೇಳಿ ಇಟ್ಟುಕೊಳ್ಳಿ. ಅದಕ್ಕೆ ಖಾಸಗಿ ಎಲೆಕ್ಟ್ರಿಷಿಯನ್ ಬೇಕಿಲ್ಲ. ಕಂಬಕ್ಕೆ ಮಾತ್ರ ನೀವು ಹತ್ತಬೇಡಿ. ಹತ್ತಿದವರ ಹೆಂಡತಿ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ.

ಮೀಟರಿನಲ್ಲಿ ಅಂಕಿ ಇದೆ, ಮನೆಯಲ್ಲಿ ಕತ್ತಲು. ಆಗ ತಪ್ಪು ಒಳಗಿದೆ. ಎಲ್ಲಾ ಸ್ವಿಚ್ ಆರಿಸಿ, ಎಲ್ಲಾ ಪ್ಲಗ್ ಕಿತ್ತು, ಬಿದ್ದ ಎಂಸಿಬಿಯನ್ನು ಮೇಲೆತ್ತಿ. ನಿಂತರೆ ಒಂದೊಂದೇ ಸಾಮಾನು ಹಾಕುತ್ತಾ ಹೋಗಿ. ಯಾವುದನ್ನು ಹಾಕಿದಾಗ ಬೀಳುತ್ತದೋ ಅದೇ ಕಳ್ಳ. ಎಲ್ಲಾ ಕಿತ್ತರೂ ಎಂಸಿಬಿ ನಿಲ್ಲದಿದ್ದರೆ ಗೋಡೆಯೊಳಗಿನ ವೈರು ಕೆಟ್ಟಿದೆ. ಮಳೆಗಾಲದಲ್ಲಿ ನೆಂದ ಗೋಡೆಯ ಮನೆಗಳಲ್ಲಿ ಇದು ಸಾಮಾನ್ಯ. ಹಾಕಿದ ಕೂಡಲೇ ಬಿದ್ದರೆ ಶಾರ್ಟ್. ಸ್ವಲ್ಪ ಹೊತ್ತು ನಡೆದು ಬಿದ್ದರೆ ಭಾರ ಹೆಚ್ಚಾಗಿದೆ. 1,000 ವಾಟಿನ ಇಸ್ತ್ರಿ ಪೆಟ್ಟಿಗೆ ಸುಮಾರು 4.3 ಆಂಪಿಯರ್ ಎಳೆಯುತ್ತದೆ; 2,000 ವಾಟಿನ ಗೀಜರು 8.7. ಅದನ್ನು 6 ಆಂಪಿಯರ್ ಸಣ್ಣ ಪ್ಲಗ್ಗಿಗೆ ಸಿಕ್ಕಿಸಿದರೆ ಪ್ಲಗ್ಗು ಸುಡದೆ ಇನ್ನೇನಾದೀತು?

ದೀಪ ಇದ್ದಕ್ಕಿದ್ದಂತೆ ಝಗ್ಗನೆ ಹೆಚ್ಚು ಬೆಳಗಿದರೆ ತಡಮಾಡದೆ ಮೇನ್ ಆಫ್ ಮಾಡಿ. ನ್ಯೂಟ್ರಲ್ ಹರಿದರೆ 230 ವೋಲ್ಟಿನ ಜಾಗದಲ್ಲಿ 400ರ ಹತ್ತಿರ ನುಗ್ಗಬಹುದು. ಟಿವಿ, ಫ್ರಿಜ್ಜು, ಸಾಲ ಮಾಡಿ ತಂದದ್ದೆಲ್ಲ ಬೂದಿ.

ಫ್ಯೂಜಿಗೆ ದಪ್ಪ ತಂತಿ ಕಟ್ಟುವ ಜಾಣತನ ಬಿಡಿ. ಫ್ಯೂಜು ಸುಟ್ಟರೆ ಐದು ರೂಪಾಯಿ ಹೋದೀತು. ಸುಡದಿದ್ದರೆ ಮನೆ ಸುಟ್ಟೀತು. ಮನೆಗೊಂದು 30 ಮಿಲಿ ಆಂಪಿಯರಿನ ಇಎಲ್‌ಸಿಬಿ ಹಾಕಿಸಿ. ತಂತಿ ಮುಟ್ಟಿದ ಮಗುವನ್ನು ಅದು ಉಳಿಸಬಲ್ಲದು. ಅರ್ತಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ. ನಮ್ಮ ಎರೆ ಭೂಮಿ ಬಿರುಕು ಬಿಟ್ಟರೆ ಅರ್ತಿಂಗ್ ಇದ್ದೂ ಇಲ್ಲದ ಹಾಗೆ.

ಇನ್ನೊಂದು ಮಾತು. 2023ರ ಗೃಹಜ್ಯೋತಿ ಬಂದ ಮೇಲೆ ಬಿಲ್ಲು ಸೊನ್ನೆ ಅಂತ ಮೀಟರು ನೋಡುವುದನ್ನೇ ಬಿಟ್ಟಿದ್ದೇವೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ. ಮನೆಯ ಎಲ್ಲವನ್ನೂ ಆರಿಸಿ, ಪ್ಲಗ್ ಕಿತ್ತು, ಮೀಟರಿನ ಮಿಣುಕು ದೀಪ ನೋಡಿ. ಆಗಲೂ ಮಿಣುಕುತ್ತಿದ್ದರೆ ಕರೆಂಟು ಎಲ್ಲೋ ಸೋರುತ್ತಿದೆ.

ಇಷ್ಟು ನೋಡಿದ ಮೇಲೂ ತಿಳಿಯದಿದ್ದರೆ ಎಲೆಕ್ಟ್ರಿಷಿಯನ್ ಕರೆಯಲೇಬೇಕು. ಇದ್ದ ಬಲ್ಬು, ಫ್ಯಾನು, ಫ್ಯೂಜು, ಸ್ವಿಚ್ಚು ತೆಗೆದು ಅಂಥದ್ದೇ ಹಾಕಲು ಲೈಸೆನ್ಸು ಬೇಕಿಲ್ಲ. ಮೇನ್ ಆಫ್ ಮಾಡಿ ಮಾಡಿಕೊಳ್ಳಬಹುದು. ಹೊಸ ವೈರಿಂಗನ್ನು ಲೈಸೆನ್ಸುದಾರನೇ ಮಾಡಬೇಕೆಂಬುದು ಕಾನೂನು. ಕರೆಯುವ ಮುಂಚೆ ನಾಲ್ಕು ಮಾತು ಕೇಳಿ: ಬಂದುಹೋಗಲು ಎಷ್ಟು? ಕೆಟ್ಟದ್ದು ಏನು, ತೋರಿಸ್ತೀರಾ? ಸಾಮಾನಿಗೆ ಐಎಸ್‌ಐ ಗುರುತು, ಅಂಗಡಿ ಬಿಲ್ಲು ಐತೇನು? ತೆಗೆದ ಹಳೆ ಸಾಮಾನು ನಮಗೆ ಕೊಡ್ತೀರಾ? ಪ್ರಾಮಾಣಿಕನಿಗೆ ಈ ಪ್ರಶ್ನೆ ಭಾರವಲ್ಲ. ನಾಲ್ಕು ಮನೆಯವರು ಕೂಡಿ ಒಂದೇ ದಿನ ಕರೆಸಿ, ಬಂದುಹೋಗುವ ಖರ್ಚು ನಾಲ್ಕು ಪಾಲಾಗುತ್ತದೆ.

ಎಮ್ಮಿಗನೂರಾಗಲಿ, ತೆಕ್ಕಲಕೋಟೆಯಾಗಲಿ, ಪ್ರತಿ ಊರಿನಿಂದ ಇಬ್ಬರು ಹುಡುಗರನ್ನು ಐಟಿಐಯ ಎರಡು ವರ್ಷದ ಎಲೆಕ್ಟ್ರಿಷಿಯನ್ ಕೋರ್ಸಿಗೆ ಕಳಿಸಿ. ನಮ್ಮ ನೆಲ್ಲಿನ ದುಡ್ಡು ನಮ್ಮೂರ ಹುಡುಗನ ಕೈಗೆ ಬಂದರೆ ಅದು ಊರಲ್ಲೇ ತಿರುಗುತ್ತದೆ. ಮುಂದಿನ ಸಭೆಗೆ ಬರುವಾಗ ಒಬ್ಬೊಬ್ಬರೂ ಈ ವರ್ಷ ಕರೆಂಟು ರಿಪೇರಿಗೆ ಕೊಟ್ಟ ದುಡ್ಡಿನ ಲೆಕ್ಕ ಬರೆದು ತನ್ನಿ. ಎಷ್ಟು ಚೀಲ ನೆಲ್ಲು ಅಂತ ಕೂಡಿ ಹಾಕೋಣ.