ಮಾಊನ್: ಮನೆಬಳಕೆಯ ವಸ್ತುಗಳ ಲೆಕ್ಕವೂ ಇದೆ

(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬದವರ ಮತ್ತು ಸಂಗಾತಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಸಹೋದರರೇ, ನಮಾಝಿನಲ್ಲಿ ನಾವು ಆಗಾಗ ಓದುವ ಪುಟ್ಟ ಅಧ್ಯಾಯವೊಂದಿದೆ. ಕುರ್‌ಆನಿನ 107ನೇ ಅಧ್ಯಾಯ, ಸೂರಃ ಅಲ್ ಮಾಊನ್. ಅದರಲ್ಲಿರುವುದು 7 ವಚನಗಳು ಮಾತ್ರ. ಮದ್ರಸಕ್ಕೆ ಹೋಗುವ ಚಿಕ್ಕ ಮಕ್ಕಳಿಗೂ ಅದು ಬಾಯಿಪಾಠ. ಅನಾಥನನ್ನು ದೂಡುವವನು, ಬಡವನಿಗೆ ಉಣಿಸಲು ಪ್ರೇರೇಪಿಸದವನು, ನಮಾಝಿನ ಬಗ್ಗೆ ಅಲಕ್ಷ್ಯ ತೋರುವವರು, ಜನರು ನೋಡಲೆಂದು ಕರ್ಮವೆಸಗುವವರು - ಇವರೆಲ್ಲರ ಬಗ್ಗೆ ಹೇಳಿದ ಬಳಿಕ, ಕೊನೆಯ ವಚನದಲ್ಲಿ ಮಾಊನನ್ನು ತಡೆಹಿಡಿಯುವವರ ಪ್ರಸ್ತಾಪ ಬರುತ್ತದೆ.

ಮಾಊನ್ ಎಂದರೇನು? ಅದು ಝಕಾತ್ ಎಂದು ವಿವರಿಸಿದ ವಿದ್ವಾಂಸರಿದ್ದಾರೆ. ಪ್ರವಾದಿವರ್ಯರ(ಸ) ಕಾಲದಲ್ಲಿ ನೀರು ಸೇದುವ ಕೊಡ, ಅಡುಗೆಯ ಪಾತ್ರೆಯಂತಹ ವಸ್ತುಗಳನ್ನು ಬಳಸಲು ಕೊಡುವುದನ್ನೇ ತಾವು ಮಾಊನ್ ಎಂದು ಎಣಿಸುತ್ತಿದ್ದೆವೆಂದು ಅಬ್ದುಲ್ಲಾಹ್ ಇಬ್ನ್ ಮಸ್‌ಊದ್(ರ) ತಿಳಿಸಿದ್ದಾರೆ. ಅಬೂದಾವೂದ್ ಸಂಗ್ರಹದಲ್ಲಿ ಈ ವರದಿಯಿದೆ. ಒಂದು ಕೊಡ, ಒಂದು ಪಾತ್ರೆ! ಇಷ್ಟು ಸಣ್ಣ ವಸ್ತುವನ್ನು ತಡೆಹಿಡಿಯುವುದು ಅನಾಥನನ್ನು ದೂಡುವ ಸಾಲಿನಲ್ಲೇ ಬಂದಿದೆ ಎಂಬುದನ್ನು ನಾವು ಯೋಚಿಸಿದ್ದೇವೆಯೇ?

ಇನ್ನು ನಮ್ಮ ಮನೆಗಳನ್ನು ನೋಡೋಣ. ಮದುವೆಗೆ ಉಡುಗೊರೆಯಾಗಿ ಬಂದ ಎರಡನೆಯ ಮಿಕ್ಸಿ ಪೆಟ್ಟಿಗೆಯಿಂದ ಹೊರಗೆ ಬಂದಿಲ್ಲ. ಮಕ್ಕಳು ದೊಡ್ಡವರಾಗಿದ್ದಾರೆ, ತೊಟ್ಟಿಲು ಅಟ್ಟದಲ್ಲಿದೆ. ತಂದೆಯವರಿಗಾಗಿ ತಂದ ಗಾಲಿಕುರ್ಚಿ ಅವರ ಮರಣದ ನಂತರ ಮೂಲೆ ಸೇರಿದೆ. ಅದೇ ಮೊಹಲ್ಲಾದ ಬಾಡಿಗೆ ಮನೆಯೊಂದರಲ್ಲಿ ಮೂವರು ಮಕ್ಕಳು ನೆಲದ ಮೇಲೆ ಬೋರಲು ಮಲಗಿ ಹೋಮ್‌ವರ್ಕ್ ಬರೆಯುತ್ತಾರೆ. ಇನ್ನೊಂದು ಮನೆಯಲ್ಲಿ ಸೊಂಟ ಮುರಿದ ತಾಯಿಯನ್ನು ಇಬ್ಬರು ಎತ್ತಿಕೊಂಡು ಶೌಚಾಲಯಕ್ಕೆ ಒಯ್ಯುತ್ತಾರೆ. ಅವರು ನಮ್ಮ ಬಾಗಿಲಿಗೆ ಬಂದು ಕೇಳುವುದಿಲ್ಲ. ಅವರ ಸ್ವಾಭಿಮಾನವನ್ನು ಕಂಡು, ಅರಿಯದವನು ಅವರನ್ನು ಅನುಕೂಲಸ್ಥರೆಂದು ಭಾವಿಸುತ್ತಾನೆ ಎಂಬುದು ಸೂರಃ ಅಲ್ ಬಕರಃದ 273ನೇ ವಚನದ ಆಶಯ. ಹುಡುಕಿ ಹೋಗಬೇಕಾದವರು ನಾವು.

ಸಹೋದರರೇ, ಇಂದು ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವಿದೆ. ಕಳೆದ ರಂಝಾನಿಗೆ ಮುಂಚೆ ನಾವು ಮಸೀದಿಯ ಹಿಂದಿನ ಕೋಣೆಯನ್ನು ಖಾಲಿ ಮಾಡಿ, ಮನೆಯಲ್ಲಿ ಬಳಸದೆ ಉಳಿದ ವಸ್ತುಗಳನ್ನು ತಂದುಕೊಡಿ, ಬೇಕಾದವರು ಉಚಿತವಾಗಿ ಒಯ್ಯಲಿ ಎಂದು ಘೋಷಿಸಿದೆವು. ಎರಡೇ ವಾರಗಳಲ್ಲಿ ಕೋಣೆ ತುಂಬಿತು. ನಮಗೆಲ್ಲ ಸಂತೋಷವಾಯಿತು. ಆದರೆ ತುಂಬಿದ್ದು ಏನೆಂದು ನಾವು ನೋಡಲಿಲ್ಲ. ಹಿಡಿ ಕಳಚಿದ ಕುಕ್ಕರ್, ತಿಗಣೆ ಸೇರಿದ ಹಾಸಿಗೆ, ಮೂರು ಕಾಲಿನ ಕುರ್ಚಿ. ಗುಜರಿಯವನು ಬೇಡವೆಂದದ್ದೂ ಅಲ್ಲಿತ್ತು.

ನಮ್ಮ ಸಹೋದರಿಯೊಬ್ಬರು ಆ ಕೋಣೆಯಿಂದ ಒಂದು ಮಿಕ್ಸಿ ಪಡೆದರು. ಆಟೋಗೆ 80 ರೂಪಾಯಿ ಕೊಟ್ಟು ಮನೆಗೆ ಒಯ್ದರು. ಅದರ ಮೋಟರ್ ಸುಟ್ಟುಹೋಗಿತ್ತು. ರಿಪೇರಿಯವನು 700 ರೂಪಾಯಿ ಕೇಳಿದ. ಅವರು ಮತ್ತೆ ಕಡೆಯುವ ಕಲ್ಲಿನ ಮುಂದೆ ಕುಳಿತರು. ನಮಗೆ ಈ ವಿಷಯ ತಿಳಿದದ್ದು ಪೆರ್ನಾಳ್ ಕಳೆದ ಮೇಲೆ, ಅದೂ ಬೇರೆಯವರ ಬಾಯಿಂದ. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, “ಪುಕ್ಕಟೆ ಕೊಟ್ಟದ್ದಕ್ಕೆ ದೂರು ಹೇಳುವುದು ಹೇಗೆ ಉಸ್ತಾದರೇ?” ಎಂದರು.

ಈ ಮಾತು ನಮ್ಮನ್ನು ಇಂದಿಗೂ ಬಿಟ್ಟಿಲ್ಲ. ದುಡ್ಡು ಕೊಟ್ಟು ಕೊಂಡಿದ್ದರೆ ಅವರು ಅಂಗಡಿಯವನನ್ನು ಪ್ರಶ್ನಿಸುತ್ತಿದ್ದರು. ದಾನವಾಗಿ ಪಡೆದವರಿಗೆ ಆ ಬಾಯಿಯೂ ಇರುವುದಿಲ್ಲ. ಆದ್ದರಿಂದಲೇ ಕೊಡುವವನ ಹೊಣೆ ಮಾರುವವನ ಹೊಣೆಗಿಂತ ದೊಡ್ಡದು. ಸಿಕ್ಕಿದರೆ ನೀವೇ ಕಣ್ಣುಮುಚ್ಚಿಕೊಂಡಲ್ಲದೆ ಪಡೆಯಲಾರದಂತಹ ಕಳಪೆ ವಸ್ತುವನ್ನು ಆರಿಸಿ ದಾನ ಮಾಡಬೇಡಿ ಎಂದು ಸೂರಃ ಅಲ್ ಬಕರಃದ 267ನೇ ವಚನ ನಮ್ಮನ್ನು ತಡೆಯುತ್ತದೆ. ಪ್ರೀತಿಪಾತ್ರವಾದುದನ್ನು ಖರ್ಚು ಮಾಡದೆ ಪುಣ್ಯ ಲಭಿಸದು ಎಂಬ ಆಶಯದ ವಚನ (3:92) ಅವತೀರ್ಣವಾದಾಗ ಅಬೂ ತಲ್‌ಹಾ(ರ) ಮದೀನಾದಲ್ಲಿ ತಮಗೆ ಅತ್ಯಂತ ಪ್ರಿಯವಾಗಿದ್ದ ಬೈರುಹಾ ತೋಟವನ್ನು ದಾನ ಮಾಡಿದರು. ನಾವು ತೋಟ ಕೊಡಬೇಕಾಗಿಲ್ಲ. ಆದರೆ ಮನೆ ಖಾಲಿ ಮಾಡಿದ್ದನ್ನು ಸದಕಾ ಎಂದು ಕರೆಯಬಾರದು.

ಹಾಗೆಂದು ಹಳೆಯದನ್ನು ಕೊಡುವುದೇ ತಪ್ಪೆಂದು ಯಾರೂ ಭಾವಿಸಬಾರದು. ಪ್ರವಾದಿವರ್ಯರು(ಸ) ಮನೆಯಲ್ಲಿ ತಮ್ಮ ಪಾದರಕ್ಷೆಯನ್ನು ತಾವೇ ಹೊಲಿಯುತ್ತಿದ್ದರು, ಬಟ್ಟೆಯನ್ನು ತಾವೇ ಸರಿಪಡಿಸುತ್ತಿದ್ದರು ಎಂದು ಆಯಿಶಾ(ರ) ತಿಳಿಸಿದ್ದಾರೆ. ಆದ್ದರಿಂದ ಹಳೆಯದಾಗಿರುವುದು ಕೊರತೆಯಲ್ಲ. ಸರಿಪಡಿಸಿ, ತೊಳೆದು, ಒರೆಸಿ ಕೊಟ್ಟ ಹಳೆಯ ಮೇಜು ಒಳ್ಳೆಯ ಉಡುಗೊರೆಯೇ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಓದುವ ಮೇಜು ಪಡೆದ ಬಾಲಕಿಯ ಫೋಟೋವನ್ನು ಜಮಾಅತಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆವು. ಮರುದಿನ ಅವಳ ತರಗತಿಯವರೆಲ್ಲ ಅದನ್ನು ನೋಡಿದ್ದರು. ಬಲಗೈ ಕೊಟ್ಟದ್ದು ಎಡಗೈಗೂ ತಿಳಿಯದಂತೆ ಗುಟ್ಟಾಗಿ ದಾನ ಮಾಡಿದವನಿಗೆ ಅಂತ್ಯದಿನದಂದು ಅಲ್ಲಾಹನ ನೆರಳು ಸಿಗುವುದೆಂದು ಬುಖಾರಿ, ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿದೆ. ಎತ್ತಿ ಆಡಿ ನೋಯಿಸಿದರೆ ದಾನವೇ ವ್ಯರ್ಥವಾಗುತ್ತದೆ ಎಂಬ ಎಚ್ಚರಿಕೆ ಕುರ್‌ಆನಿನಲ್ಲಿದೆ (2:264). ಬಾಯಿಂದ ಎತ್ತಿ ಆಡದೆ ಫೋಟೋದಿಂದ ಎತ್ತಿ ಆಡಿದರೂ ಆ ಮಗುವಿಗೆ ಆಗುವ ನೋವು ಒಂದೇ. ಆ ಮಗುವಿನ ಮತ್ತು ಆ ಸಹೋದರಿಯ ಮನೆಯವರಲ್ಲಿ ನಾವು ಕ್ಷಮೆ ಕೇಳಿದ್ದೇವೆ.

ಈಗ ಕೋಣೆಯನ್ನು ಮತ್ತೆ ತೆರೆಯುತ್ತಿದ್ದೇವೆ. ಕೆಲವು ವಿಷಯಗಳನ್ನು ನಾವೆಲ್ಲರೂ ಪಾಲಿಸೋಣ. ವಿದ್ಯುತ್ ಉಪಕರಣವನ್ನು ನಮ್ಮವರೇ ಆದ ಎಲೆಕ್ಟ್ರಿಷಿಯನ್ ಸಹೋದರರು ಚಾಲೂ ಮಾಡಿ ನೋಡಿದ ಮೇಲೆಯೇ ಸ್ವೀಕರಿಸುವುದು. ಕುಕ್ಕರಿನ ಗ್ಯಾಸ್ಕೆಟ್, ಗ್ಯಾಸ್ ಒಲೆಯ ಪೈಪು ಹೊಸದನ್ನೇ ಹಾಕಿ ಕೊಡುವುದು. ವಸ್ತುವಿನಲ್ಲಿ ದೋಷವಿದ್ದರೆ ಬಾಯಿಬಿಟ್ಟು ಹೇಳುವುದು. ಭಾರದ ಸಾಮಾನನ್ನು ಕೊಡುವವರೇ ಮನೆಗೆ ತಲುಪಿಸುವುದು. ಕೊಂಡೊಯ್ದದ್ದು ಸರಿಯಿಲ್ಲದಿದ್ದರೆ ಸಂಕೋಚವಿಲ್ಲದೆ ಮರಳಿಸಬಹುದು. ಪಡೆದವರ ಹೆಸರು, ಫೋಟೋ ಎಲ್ಲಿಯೂ ಬರುವುದಿಲ್ಲ. ಇದನ್ನು ಯಾರೂ ತಮ್ಮ ಝಕಾತಿನ ಲೆಕ್ಕಕ್ಕೆ ಸೇರಿಸಬಾರದು. ಝಕಾತ್ ಬೇರೆಯೇ ಹಕ್ಕು.

ಗಾಲಿಕುರ್ಚಿ, ವಾಕರ್, ತೊಟ್ಟಿಲುಗಳು ಕೆಲವೇ ತಿಂಗಳು ಬೇಕಾಗುವಂಥವು. ಅಗತ್ಯ ತೀರಿದ ಬಳಿಕ ಅವು ಮುಂದಿನ ಮನೆಗೆ ಹೋಗಲಿ. ಇಂದು ಕೊಟ್ಟವನಿಗೆ ನಾಳೆ ಅದೇ ಗಾಲಿಕುರ್ಚಿ ಬೇಕಾಗಬಹುದು. ಆಗ ಕೇಳಲು ನಾಚಬೇಕಾಗಿಲ್ಲ.

ಈ ಬಾಗಿಲು ನಮ್ಮ ನೆರೆಯ ಹಿಂದೂ, ಕ್ರೈಸ್ತ ಸಹೋದರರಿಗೂ ತೆರೆದಿರಲಿ. ಅಬ್ದುಲ್ಲಾಹ್ ಇಬ್ನ್ ಅಮ್ರ್(ರ)ರ ಮನೆಯಲ್ಲಿ ಒಮ್ಮೆ ಆಡು ಕೊಯ್ದಾಗ, ನೆರೆಯ ಯಹೂದಿಗೆ ಕಳಿಸಿದಿರಾ ಎಂದು ಅವರು ಮನೆಯವರನ್ನು ವಿಚಾರಿಸಿದ್ದರು. ನೆರೆಯವನ ಹಕ್ಕಿನ ಬಗ್ಗೆ ಪ್ರವಾದಿವರ್ಯರಿಂದ(ಸ) ಅವರು ಕಲಿತ ಪಾಠ ಅದು.

ಇಂದು ಮನೆಗೆ ಹೋದ ಮೇಲೆ ಒಮ್ಮೆ ಅಟ್ಟ ಹತ್ತಿ ನೋಡಿ. ಬಳಸಲು ಯೋಗ್ಯವಾದ ಒಂದು ವಸ್ತುವನ್ನು ಕೆಳಗಿಳಿಸಿ ಒರೆಸಿಡಿ. ಕೊಡುವ ಮೊದಲು, ಇದನ್ನು ನನ್ನ ಸ್ವಂತ ತಂಗಿಯ ಮನೆಗೆ ಕಳಿಸುತ್ತಿದ್ದೆನೇ ಎಂದು ಕೇಳಿಕೊಳ್ಳಿ.

ಮಾಊನನ್ನು ತಡೆಹಿಡಿಯುವವರ ಸಾಲಿನಲ್ಲಿ ಅಲ್ಲಾಹನು ನಮ್ಮನ್ನು ಸೇರಿಸದಿರಲಿ. ನಮ್ಮ ತಪ್ಪುಗಳನ್ನು ಮನ್ನಿಸಲಿ, ನಮ್ಮ ಸಣ್ಣ ಕೊಡುಗೆಗಳನ್ನು ಸ್ವೀಕರಿಸಲಿ. ಆಮೀನ್.